ಬಂದಳಿಕೆ ಯಾವ ಮರದ್ದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮರದ ಮೇಲೆ, ಬೇಲಿಯ ಮೇಲೆ, ಬೇರಿನ ಮೇಲೆ ಬದುಕುವ ಗಿಡಗಳ ಬಗ್ಗೆ. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇವೆ.

ಮನೆ ಹಿಂದಿನ ಅಪ್ಪೆಮಿಡಿ ಮಾವಿನ ಮರದ ತುಂಬ ಬಂದಳಿಕೆ (ಕೊಂಬೆಗೆ ಹತ್ತಿ ಬೆಳೆಯುವ ಪರಾವಲಂಬಿ ಗಿಡ). ಪ್ರತಿ ವರ್ಷ ದೋಟಿಗೆ ಕತ್ತಿ ಕಟ್ಟಿ ಸವರುತ್ತೇವೆ, ಮರುವರ್ಷ ಮತ್ತೆ ಅಷ್ಟೇ. ಮಿಡಿ ಕಡಿಮೆಯಾಗುತ್ತಿದೆ. ಏನು ಮಾಡಬೇಕು?
– ಹೊಸನಗರ ತಾಲೂಕು

ಸವರುವುದರಿಂದಲೇ ಅದು ಉಳಿದಿದೆ. ಬಂದಳಿಕೆಯ ಬೇರು ಕೊಂಬೆಯ ಒಳಗೆ, ನೀರು ಏರುವ ಕಟ್ಟಿಗೆಯವರೆಗೆ ಇಳಿದಿರುತ್ತದೆ. ಮಾವಿನ ಮೇಲೆ ಸಾಮಾನ್ಯವಾಗಿ ಕಾಣುವ ಕಿತ್ತಳೆ ಬಣ್ಣದ ಕೊಳವೆ ಹೂವಿನ ಜಾತಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ತೊಗಟೆಯ ಮೇಲೆ ಹಗ್ಗದಂಥ ಬೇರು ಹರಿಸಿ ಅಲ್ಲಲ್ಲಿ ಮತ್ತೆ ಕಚ್ಚುತ್ತದೆ. ಪೊದೆ ಹೋದರೂ ಈ ಬೇರು ಉಳಿಯುತ್ತದೆ, ಅದರಿಂದಲೇ ಚಿಗುರು ಹೊರಡುತ್ತದೆ. ಎಲೆ ಹಸಿರಾಗಿರುವುದರಿಂದ ಊಟ ತಾನೇ ಮಾಡಿಕೊಳ್ಳುತ್ತದೆ. ಕದಿಯುವುದು ಮುಖ್ಯವಾಗಿ ನೀರು ಮತ್ತು ಲವಣ. ಹಾಗಾಗಿ ಬೇಸಿಗೆಯಲ್ಲಿ ಬಂದಳಿಕೆ ನಳನಳಿಸುತ್ತಿದ್ದರೂ ಅದರಾಚೆಯ ಕೊಂಬೆ ಒಣಗಿರುತ್ತದೆ.

ತೆಗೆಯಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ: ಮಳೆ ನಿಂತಿರುತ್ತದೆ, ಮಾವು ಇನ್ನೂ ಹೂ ಬಿಟ್ಟಿರುವುದಿಲ್ಲ, ಬಂದಳಿಕೆಯ ಹಣ್ಣೂ ಆಗಿರುವುದಿಲ್ಲ. ಪೊದೆ ಕಚ್ಚಿದ ಗಂಟನ್ನು ಹುಡುಕಿ. ಅಲ್ಲಿಂದ ಕಾಂಡದ ಕಡೆಗೆ ಹರಿದ ಬೇರು ಎಲ್ಲಿ ಮುಗಿಯುತ್ತದೋ ನೋಡಿ, ಅದರಿಂದಲೂ ಒಂದು ಅಡಿ ಹಿಂದಕ್ಕೆ ಸರಿದು ಕೊಂಬೆಯನ್ನೇ ಗರಗಸದಿಂದ ಕೊಯ್ಯಿರಿ. ಮೊದಲು ಅಡಿಯಿಂದ ಕಾಲುಭಾಗ ಕೊಯ್ದು ಆಮೇಲೆ ಮೇಲಿಂದ ಕೊಯ್ದರೆ ಬೀಳುವ ಕೊಂಬೆ ತೊಗಟೆ ಸೀಳುವುದಿಲ್ಲ. ಒಂದೇ ವರ್ಷ ಎಲ್ಲ ಮುಗಿಸುವ ಹಟ ಬೇಡ. ಮರದ ಹಂದರದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆದರೆ ಮರವೇ ಸೊರಗುತ್ತದೆ.

ಕೊಯ್ದ ಬಾಯಿಗೆ ಬೋರ್ಡೋ ಮುಲಾಮು ಬಳಿಯಿರಿ. ಅಡಿಕೆಗೆ ಹೊಡೆಯುವ ದ್ರಾವಣದ ಸಾಮಾನೇ ಸಾಕು, ಆದರೆ ಗಟ್ಟಿ: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆಬೇರೆ ಕರಗಿಸಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕೂಡಿಸಿ. ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತು ಕಲಸಿದ್ದನ್ನು ಅವತ್ತೇ ಬಳಿದು ಮುಗಿಸಿ.

ದಪ್ಪ ಕಾಂಡಕ್ಕೇ ಹಿಡಿದಿದ್ದರೆ ಕಡಿಯುವ ಹಾಗಿಲ್ಲ. ಪೊದೆಯನ್ನು ತೊಗಟೆಗೆ ಸಮನಾಗಿ ಕೆತ್ತಿ, ಎರಡು ತಿಂಗಳಿಗೊಮ್ಮೆ ಹೊಸ ಚಿಗುರನ್ನು ಮುರಿಯುತ್ತಾ ಬನ್ನಿ. ಎಲೆಗೆ ಬಿಸಿಲು ಸಿಗದಿದ್ದರೆ ಅದು ಕ್ರಮೇಣ ಸೊರಗುತ್ತದೆ. ಕಳೆನಾಶಕವನ್ನು ಚುಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಎರಡರ ನೀರಿನ ದಾರಿ ಒಂದೇ, ವಿಷ ಮಾವಿಗೂ ಹೋಗುತ್ತದೆ, ಮಿಡಿಗೂ ಹೋಗುತ್ತದೆ.

ನೀವು ಪೂರ್ತಿ ತೆಗೆದರೂ ಪಕ್ಕದ ಹಲಸಿನಲ್ಲಿ ಇದ್ದರೆ ಮತ್ತೆ ಬರುತ್ತದೆ. ಹಣ್ಣು ತಿನ್ನುವ ಬದನಿಕೆ ಹಕ್ಕಿ ಕೆಲವೇ ನಿಮಿಷದಲ್ಲಿ ಬೀಜವನ್ನು ಹೊರಹಾಕುತ್ತದೆ. ಅದು ಅಂಟು ಸಮೇತ ಬರುವುದರಿಂದ ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ, ಬೀಜ ಅಲ್ಲೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೊಂದು ಸಲ ಮರ ಹತ್ತಿ ನೋಡಿ. ಎರಡೆಲೆಯ ಸಸಿಯಿದ್ದಾಗ ಉಗುರಿನಿಂದಲೇ ಕೀಳಬಹುದು. ಕಾಡಂಚಿನ ಮರಗಳಲ್ಲಿ ಇರುವುದನ್ನು ಮಾತ್ರ ಬಿಟ್ಟುಬಿಡಿ. ಸೂರಕ್ಕಿಗೆ ಅದರ ಹೂವಿನ ಜೇನು ಬೇಕು, ಜೆಜೆಬೆಲ್ ಚಿಟ್ಟೆಯ ಹುಳಕ್ಕೆ ಅದರ ಎಲೆಯೇ ಊಟ.

ಅತ್ತೆಯವರ ಕಾಲು ಉಳುಕಿದೆ. ಊರಿನ ನಾಟಿ ವೈದ್ಯರು ಬಂದಳಿಕೆ ಅರೆದು ಕಟ್ಟಿ, ಅದರದ್ದೇ ಕಷಾಯ ಕುಡಿಸಿ ಎಂದರು. ಯಾವ ಮರದ್ದಾದರೂ ಆದೀತೇ? ಮೊಬೈಲ್‌ನಲ್ಲಿ ನೋಡಿದರೆ ಮಿಸಲ್‌ಟೋ ಚಹಾ ರಕ್ತದೊತ್ತಡಕ್ಕೆ ಒಳ್ಳೆಯದು ಎಂದೂ ಇದೆ.
– ತೀರ್ಥಹಳ್ಳಿ

ಯಾವ ಮರದ್ದಾದರೂ ಆಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಇದೇ. ಬಂದಳಿಕೆ ಆಶ್ರಯ ಕೊಟ್ಟ ಮರದ ನೀರು ಕುಡಿದು ಬೆಳೆಯುತ್ತದೆ, ಆ ಮರದ ವಿಷವೂ ಅದರೊಳಗೆ ಬರಬಹುದು. ಕಾಸರಕದ ಮರದ ಮೇಲೆ ಬೆಳೆದ ಪರಾವಲಂಬಿಯ ಎಲೆಯಲ್ಲಿ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷವೇ ಇರುವುದು 19ನೇ ಶತಮಾನದಲ್ಲೇ ಗೊತ್ತಾಗಿತ್ತು. ಅದು ಮೈ ಸೆಟೆದು ಸೆಳೆತ ತರುವ ವಿಷ. ಕಣಗಿಲೆಯ ಮೇಲಿನ ಬಂದಳಿಕೆಯಲ್ಲಿ ಕಣಗಿಲೆಯ ಹೃದಯಕ್ಕೆ ಪೆಟ್ಟು ಕೊಡುವ ಅಂಶಗಳು ಸಿಕ್ಕಿವೆ. ಮಾವಿನದ್ದು, ಹಲಸಿನದ್ದು, ಕಾಸರಕದ್ದು ಮೂರೂ ನೋಡಲು ಒಂದೇ ಗಿಡವಾದರೂ ಮದ್ದಿನ ಲೆಕ್ಕದಲ್ಲಿ ಮೂರು ಬೇರೆ. ಹಳೆಯ ವೈದ್ಯರು ಹೆಸರಿಗೆ ಮೊದಲು ಮರದ ಹೆಸರು ಸೇರಿಸಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಯಾರೋ ಸಂತೆಯಲ್ಲಿ ಒಣಗಿಸಿ ಮಾರುವ ಕಟ್ಟನ್ನು ಕೊಳ್ಳಬೇಡಿ. ಮರದಿಂದ ಕೊಯ್ದದ್ದನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಬಳಸಿ.

ಕಟ್ಟುವ ಮೊದಲು ಮೂಳೆ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆ ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಪಾದದ ಗೆಣ್ಣಿನ ಎರಡೂ ಬದಿಯ ಉಬ್ಬು ಮೂಳೆಯ ತುದಿ, ಹಿಂಬದಿ ಒತ್ತಿದಾಗ ನೋವಿದ್ದರೆ ಮೊದಲು ಎಕ್ಸ್‌ರೇ, ಸೊಪ್ಪು ಆಮೇಲೆ.

ಬರೀ ಉಳುಕಾದರೆ ಮಾವು ಅಥವಾ ಹಲಸಿನ ಬಂದಳಿಕೆಯ ಬಲಿತ ಎಲೆ ಎರಡು ಹಿಡಿ ಸಾಕು. ಚಿಗಳಿ ಇರುವೆ ಗೂಡು ಕಟ್ಟಿರುತ್ತದೆ, ಕೊಡವಿ ತೊಳೆಯಿರಿ. ನೀರು ಹಾಕದೆ, ತೀರಾ ಒಣಗಿದ್ದರೆ ಒಂದೆರಡು ಚಮಚ ಮಾತ್ರ ಹಾಕಿ, ಒರಳಲ್ಲಿ ನುಣ್ಣಗೆ ಅರೆಯಿರಿ. ಚಿಟಿಕೆ ಅರಿಶಿನ ಸೇರಿಸಿ ಬಾಳೆಲೆಯಲ್ಲಿ ಮಡಚಿ ಕೆಂಡದ ಮೇಲೆ ಬೆಚ್ಚಗೆ ಮಾಡಿ. ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಅರ್ಧ ಗಂಟೆ ಕಾಯಿರಿ. ತುರಿಕೆ, ಕೆಂಪು ಇಲ್ಲದಿದ್ದರೆ ನೋವಿನ ಜಾಗಕ್ಕೆ ಅರ್ಧ ಬೆರಳು ದಪ್ಪ ಹರಡಿ ಹತ್ತಿ ಬಟ್ಟೆ ಸುತ್ತಿ, ಮೂರು ನಾಲ್ಕು ಗಂಟೆಗೆ ತೆಗೆದುಬಿಡಿ. ಗಾಯ ಒಡೆದಿದ್ದರೆ ಹಚ್ಚಬಾರದು.

ಕೆಡುವುದು ಹೆಚ್ಚಾಗಿ ಸೊಪ್ಪಿನಿಂದಲ್ಲ, ಕಟ್ಟಿನಿಂದ. ಬಿದಿರ ದಬ್ಬೆ ಇಟ್ಟು ಬಿಗಿದಾಗ ಒಳಗೆ ಬಾವು ಏರುತ್ತದೆ, ರಕ್ತ ಓಡುವುದಿಲ್ಲ. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ನೋವು ಕಡಿಮೆಯಾಗುವ ಬದಲು ಏರಿದರೆ ರಾತ್ರಿಯಾದರೂ ಸರಿ, ಕಟ್ಟು ಬಿಚ್ಚಿ ಆಸ್ಪತ್ರೆಗೆ ಹೊರಡಿ. ಹೀಗೆ ಬಿಗಿದ ಕಟ್ಟಿನಿಂದ ಕಾಲು ಕೊಳೆತು ಕತ್ತರಿಸಬೇಕಾಗಿ ಬರುವುದುಂಟು.

ಕಷಾಯ ಬೇಡ. ಆಯುರ್ವೇದದಲ್ಲಿ ‘ವಂದಾ’ ಎಂಬ ಹೆಸರಿನಲ್ಲಿ ಬಂದಳಿಕೆಗೆ ಜಾಗವಿದೆ ನಿಜ, ಅದನ್ನು ಕೊಡಬೇಕಾದವರು ಮರ, ಪ್ರಮಾಣ, ರೋಗಿ ಮೂರನ್ನೂ ನೋಡುವ ವೈದ್ಯರು. ನಿಮ್ಮತ್ತೆ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೂ ಮನೆಮದ್ದಾಗಿ ಕುಡಿಸಲೇಬೇಡಿ. ಬಸುರಿಯರಿಗೂ ಅಷ್ಟೆ. ಮೊಬೈಲ್‌ನಲ್ಲಿ ಕಂಡ ಮಿಸಲ್‌ಟೋ ಯೂರೋಪಿನ ಬಿಳಿ ಹಣ್ಣಿನ ವಿಸ್ಕಮ್, ಬಂದಳಿಕೆಯಂಥದೇ ಇನ್ನೊಂದು ಪರಾವಲಂಬಿ. ನಮ್ಮ ದೇಶದಲ್ಲಿ ಅದಿರುವುದು ಹಿಮಾಲಯದಲ್ಲಿ, ಮಲೆನಾಡಿನಲ್ಲಿ ಅಲ್ಲ. ಅದರ ಎಲೆಯಲ್ಲೂ ವಿಷದ ಅಂಶಗಳಿವೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ವಿಸ್ಕಮ್ ಎಲೆಯಿಲ್ಲದ್ದು, ಚಪ್ಪಟೆ ತುಂಡು ತುಂಡು ಜೋಡಿಸಿಟ್ಟಂತಿದ್ದು ಜೋತುಬಿದ್ದಿರುತ್ತದೆ, ಎಷ್ಟೋ ಸಲ ಬಂದಳಿಕೆಯ ಮೇಲೆಯೇ ಹತ್ತಿರುತ್ತದೆ. ನೇಪಾಳದ ಗುಡ್ಡಗಾಡಿನವರು ಈ ಬಗೆಯ ವಿಸ್ಕಮ್‌ಗಳನ್ನು ‘ಹಡ್‌ಚೂರ್’ ಎನ್ನುತ್ತಾರೆ, ಮುರಿದ ಮೂಳೆಯ ಮೇಲೆ ಅರೆದು ಕಟ್ಟುತ್ತಾರೆ.

ಭೂಮಿ ಹುಣ್ಣಿಮೆಯ ಹಚ್ಚಂಬಲಿಗೆ (ಗದ್ದೆಗೆ ಬೀರುವ ಸೊಪ್ಪಿನ ಕುಡಿಗಳ ಅಂಬಲಿ) ಬಂದಳಿಕೆ ಕುಡಿ ಹಾಕಬಹುದೇ?
– ಸಾಗರ ತಾಲೂಕು

ನೂರೊಂದು ಕುಡಿ ಎಂದು ಹೇಳುವ ಕಡೆ ಲೆಕ್ಕಕ್ಕೆ ಯಾವುದೂ ಬೇಡವೆನ್ನಲಾರೆವು. ಹಚ್ಚಂಬಲಿ ಗದ್ದೆಗೆ ಬೀರುವುದಕ್ಕಾದರೂ ಕೈ, ಪಾತ್ರೆ, ಬುಟ್ಟಿ ಎಲ್ಲಕ್ಕೂ ತಾಗುತ್ತದೆ, ಮಕ್ಕಳು ಬಾಯಿಗೂ ಇಡುತ್ತಾರೆ. ಮನೆಯ ಮಾವು, ಹಲಸಿನದ್ದಾದರೆ ಹಾಕಿ. ಕತ್ತಲಲ್ಲಿ ಬ್ಯಾಣದಿಂದ (ಊರಾಚೆಯ ಹುಲ್ಲುಗಾವಲಿನಿಂದ) ಕೊಯ್ದು ತಂದದ್ದು ಬೇಡ. ಅಲ್ಲಿ ಕಾಸರಕ ಇದ್ದೇ ಇರುತ್ತದೆ.

ಬೇಲಿಯ ಅಮರಬಳ್ಳಿ ಕತ್ತರಿಸಿ ಕೊಬ್ಬರಿ ಎಣ್ಣೆಯಲ್ಲಿ ಅರ್ಧ ಗಂಟೆ ಕುದಿಸಿ ತಲೆಗೆ ಎಣ್ಣೆ ಮಾಡಿದೆ. ಹದಿನೈದು ದಿನಕ್ಕೇ ಕಮಟು ವಾಸನೆ. ಎಲ್ಲಿ ತಪ್ಪಿದೆ?
– ಸೊರಬ

ನೀರು ಉಳಿದಿದೆ. ಅಮರಬಳ್ಳಿ ಬಹುಪಾಲು ನೀರೇ, ಅರ್ಧ ಗಂಟೆಯಲ್ಲಿ ಅದು ಹೋಗುವುದಿಲ್ಲ. ತೈಲ ಕಾಸುವ ಹಳೆಯ ಲೆಕ್ಕ ಹೀಗಿದೆ: ಎಣ್ಣೆ ಒಂದು ಪಾಲು, ರಸ ನಾಲ್ಕು ಪಾಲು, ಅರೆದ ಸೊಪ್ಪಿನ ಮುದ್ದೆ ಎಣ್ಣೆಯ ಎಂಟನೇ ಒಂದು ಪಾಲು. ಅಂದರೆ ಕಾಲು ಲೀಟರ್ ಎಣ್ಣೆಗೆ ಒಂದು ಲೀಟರ್ ಬಳ್ಳಿಯ ರಸ, ಸುಮಾರು 30 ಗ್ರಾಂ ಮುದ್ದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ತಳ ಹಿಡಿಯದಂತೆ ತಿರುವುತ್ತಿರಿ. ರಸ ಇಂಗುತ್ತಾ ಬಂದಾಗ ಚರಟ ಮೊದಲು ಕೆಸರಿನಂತಿರುತ್ತದೆ, ಆಮೇಲೆ ಬೆರಳ ನಡುವೆ ಹೊಸೆದರೆ ಬತ್ತಿಯಾಗುತ್ತದೆ. ಆ ಬತ್ತಿಯನ್ನು ಉರಿಗೆ ಹಿಡಿಯಿರಿ. ಚಟಪಟ ಎಂದರೆ ಇನ್ನೂ ನೀರಿದೆ, ಸದ್ದಿಲ್ಲದೆ ಉರಿದರೆ ಹದ ಬಂತು. ಎಣ್ಣೆಯ ಮೇಲೆ ನೊರೆ ಏಳುವುದೂ ಆಗಲೇ. ತುಪ್ಪ ಕಾಸುವಾಗ ಇದು ತಿರುಗುಮುರುಗು, ಅಲ್ಲಿ ನೊರೆ ಅಡಗಬೇಕು. ಚರಟ ಕಪ್ಪಾಗಿ ಪುಡಿಯಾದರೆ ಸುಟ್ಟಿತೆಂದು ಲೆಕ್ಕ. ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಸೋಸಿ, ಬಿಸಿಲಲ್ಲಿ ಒಣಗಿಸಿದ ಬಾಟಲಿಗೆ ತುಂಬಿ.

ಬಳ್ಳಿ ದಾಸವಾಳದ ಬೇಲಿಯದಿರಲಿ. ಕಣಗಿಲೆ, ದತ್ತೂರಿ ಹಬ್ಬಿದ್ದು ಬೇಡ, ಕಾರಣ ಮೇಲೆ ಹೇಳಿದ್ದೇ. ಹಳದಿ ಬಣ್ಣದ, ಮುಟ್ಟಿದರೆ ತುಂಡಾಗುವ ಬಳ್ಳಿ ಅಮರಬಳ್ಳಿ. ಹಸಿರು ಛಾಯೆಯ, ತಂತಿಯಂತೆ ಗಡುಸಾಗಿ ಸಣ್ಣ ಗುಂಡು ಹಣ್ಣು ಬಿಡುವ ಬಳ್ಳಿ ಬೇರೆ ಕುಟುಂಬದ್ದು, ಅದು ದಾಲ್ಚಿನ್ನಿಯ ನೆಂಟ. ಊರಲ್ಲಿ ಎರಡನ್ನೂ ಆಕಾಶಬಳ್ಳಿ ಎನ್ನುವುದರಿಂದ ಗೊಂದಲ. ಎಣ್ಣೆಯಿಂದ ತಲೆ ತಂಪಾದೀತು. ಉದುರಿಹೋದ ಜಾಗದಲ್ಲಿ ಕೂದಲು ಹುಟ್ಟುತ್ತದೆ ಎಂದು ನಾವು ಹೇಳುವುದಿಲ್ಲ. ಮಿಕ್ಕ ಬಳ್ಳಿಯನ್ನು ಗೊಬ್ಬರಗುಂಡಿಗೆ ಎಸೆಯಬೇಡಿ, ಗೇಣುದ್ದದ ತುಂಡು ಸಾಕು ಇನ್ನೊಂದು ಗಿಡ ಹಿಡಿಯಲು. ಬಿಸಿಲಲ್ಲಿ ಒಣಗಿಸಿ ಸುಡಿ. ಬೀಜ ಕಟ್ಟುವ ಮೊದಲೇ ಕೀಳುವುದು ಒಳ್ಳೆಯದು, ಬೀಜ ಮಣ್ಣಿನಲ್ಲಿ ಹತ್ತು ವರ್ಷವಾದರೂ ಜೀವ ಹಿಡಿದಿರುತ್ತದೆ.

ಎರಡು ವರ್ಷದ ಹಿಂದೆ ನೆಟ್ಟ ಶ್ರೀಗಂಧದ ಸಸಿಗಳು ಹಳದಿಯಾಗಿ ನಿಂತುಬಿಟ್ಟಿವೆ. ಬುಡ ಸ್ವಚ್ಛವಾಗಿಟ್ಟಿದ್ದೇನೆ, ಗೊಬ್ಬರವೂ ಹಾಕಿದ್ದೇನೆ.
– ಶಿಕಾರಿಪುರ ತಾಲೂಕು

ಬುಡ ಸ್ವಚ್ಛವಾಗಿಟ್ಟದ್ದೇ ತೊಂದರೆ. ದೇವರ ಮುಂದೆ ಸಾಣೆಕಲ್ಲಿನ ಮೇಲೆ ತೇಯುವ ಗಂಧವೂ ಪರಾವಲಂಬಿಯೇ, ಆದರೆ ಕಳ್ಳತನ ಮಣ್ಣಿನೊಳಗೆ. ಅದರ ಬೇರು ಪಕ್ಕದ ಗಿಡದ ಬೇರನ್ನು ಕಚ್ಚಿ ನೀರು, ಲವಣ ಎಳೆಯುತ್ತದೆ. ನರ್ಸರಿಯ ಚೀಲದಲ್ಲಿ ಜೊತೆಗಿದ್ದ ತೊಗರಿಯನ್ನು ಕಳೆಯೆಂದು ಕಿತ್ತಿದ್ದೀರಿ, ಅಥವಾ ಅದು ಆಯುಸ್ಸು ಮುಗಿದು ಸತ್ತಿದೆ. ತೊಗರಿ ಒಂದೆರಡು ವರ್ಷದ ಗಿಡ, ಅಷ್ಟರೊಳಗೆ ಮುಂದಿನ ಆಸರೆ ಸಿದ್ಧವಿರಬೇಕು.

ಮುಂಗಾರು ಹತ್ತಿದೊಡನೆ ಪ್ರತಿ ಸಸಿಯಿಂದ ಒಂದಡಿ ದೂರದಲ್ಲಿ ನಾಲ್ಕೈದು ತೊಗರಿ ಬೀಜ ಹಾಕಿ. ಎತ್ತರ ಬೆಳೆದು ನೆರಳು ಮಾಡಿದರೆ ತಲೆ ಚಿವುಟಿ, ಬುಡ ಕೀಳಬೇಡಿ. ನಾಲ್ಕೈದು ಅಡಿ ದೂರದಲ್ಲಿ ಅಗಸೆ ಮರ (ಎಣ್ಣೆಬೀಜದ ಅಗಸೆಯಲ್ಲ), ಅದರಾಚೆಗೆ ಬಹುಕಾಲ ಬಾಳುವ ಗಾಳಿಮರ, ಬೇವು ಅಥವಾ ನೆಲ್ಲಿ ನೆಡಿ. ನೀರು ನಿಲ್ಲುವ ತಗ್ಗಿನಲ್ಲಿದ್ದರೆ ಕಾಲುವೆ ಹೊಡೆಯಿರಿ, ಗಂಧ ಜವುಗನ್ನು ತಾಳುವುದಿಲ್ಲ. ಗಂಧಕ್ಕೂ ಬಂದಳಿಕೆ ಹತ್ತುತ್ತದೆ, ಕಂಡ ದಿನವೇ ತೆಗೆಯಿರಿ. ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರ ಜಮೀನಿನ ಗಂಧ ಬೆಳೆದವರದೇ. ಹಾಗೆಂದು ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಅರಣ್ಯ ಇಲಾಖೆಗೆ ಮೊದಲೇ ಅರ್ಜಿ ಕೊಡಬೇಕು.

ಆಗುಂಬೆ ಕಾಡಿನಲ್ಲಿ ಮರದ ಬುಡದಲ್ಲಿ ಕೆಂಪು-ಹಳದಿ ಗಡ್ಡೆಯಂಥ ಅಣಬೆ ಎದ್ದಿತ್ತು. ತಿನ್ನಬಹುದೇ?
– ಕೊಪ್ಪ

ಅಣಬೆಯಲ್ಲ, ಅದು ಬೆಲನೊಫೊರ ಎಂಬ ಗಿಡದ ಹೂಗೊಂಚಲು ಇರಬೇಕು. ಮರದ ಬೇರಿಗೆ ಗಂಟಾಗಿ ಕೂತಿರುತ್ತದೆ, ಹೂ ಬಿಡುವಾಗ ಮಾತ್ರ ಮೇಲೆ ಬರುತ್ತದೆ. ಹಸಿರು ಇಲ್ಲವೇ ಇಲ್ಲ, ಊಟವೆಲ್ಲ ಮರದ್ದೇ. ಮುರಿದರೆ ಅಣಬೆಯ ಎಸಳಿನಂಥ ಪದರ ಕಾಣುವುದಿಲ್ಲ. ಒಳಗೆ ಮೇಣವಿದೆ. ಜಾವಾದಲ್ಲಿ ಇದರದೊಂದು ಜಾತಿಯನ್ನು ದೀಪಕ್ಕೆ ಬಳಸುತ್ತಿದ್ದರು. ತಿನ್ನಬೇಡಿ, ಕೀಳಲೂ ಬೇಡಿ.

ಮಕ್ಕಳು ಬಂದಳಿಕೆ ಹಣ್ಣು ಚೀಪುತ್ತಾರೆ. ಅಪಾಯವೇ?
– ರಿಪ್ಪನ್‌ಪೇಟೆ

ಮಾವು, ಹಲಸು, ಸಪೋಟದ್ದಾದರೆ ಸಿಹಿ ಚೀಪಿ ಬೀಜ ಉಗುಳಲಿ, ಹೆದರಬೇಕಿಲ್ಲ. ಅಂಟು ಬಟ್ಟೆಗೆ ಹತ್ತಿದರೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ. ರಸ್ತೆ ಬದಿಯ, ಗುಡ್ಡದ ಮರದ್ದು ಬೇಡವೆಂದು ಖಡಾಖಂಡಿತವಾಗಿ ಹೇಳಿಡಿ.

ಅಡಿಕೆ ಮರದ ಮೇಲಿನ ಕಾಳುಮೆಣಸು, ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಇವೂ ಮರದ ರಸ ಹೀರುತ್ತವೆಯೇ?
– ಭದ್ರಾವತಿ

ಇಲ್ಲ. ಮೆಣಸಿನ ಬಳ್ಳಿಗೆ ನೆಲದಲ್ಲೇ ಬೇರಿದೆ, ಗೆಣ್ಣಿನ ಬೇರು ಹಿಡಿದುಕೊಳ್ಳಲು ಮಾತ್ರ. ಸೀತಾಳೆ ದಂಡೆ ಮಳೆ, ಮಂಜು, ತೊಗಟೆಯ ಕಸದಲ್ಲಿ ಬದುಕುತ್ತದೆ. ಅನುಮಾನವಿದ್ದರೆ ಬೇರು ಎತ್ತಿ ನೋಡಿ: ತೊಗಟೆ ಗಾಯವಾಗದೆ ಬೇರು ಬಿಡಿಸಿ ಬಂದರೆ ಅದು ಬಾಡಿಗೆದಾರ, ಗಂಟು ಸಮೇತ ಕಟ್ಟಿಗೆಗೆ ಇಳಿದಿದ್ದರೆ ಬಂದಳಿಕೆ.