ಮಕ್ಕಳ ಜೊತೆ ತೋಟ: ಹೊಟ್ಟೆಪಾಡಿಗೆ ಸಾಕಾಗುತ್ತಾ?

ಪ್ರಶ್ನೆ: ನಾನು ಬಾಟನಿಯಲ್ಲಿ ಬಿಎಸ್ಸಿ ಮುಗಿಸಿದ್ದೇನೆ. ಮಕ್ಕಳ ಜೊತೆ ತರಕಾರಿ ತೋಟ ಮಾಡುತ್ತಾ ಪರಿಸರ ಪಾಠ ಕಲಿಸುವ ಕೆಲಸ ನನಗೆ ಇಷ್ಟ. ಅಮ್ಮ ಸುಮ್ನೆ ಬಿ.ಎಡ್ ಮಾಡು ಅನ್ನುತ್ತಾರೆ. ಊರಲ್ಲೇ ಇದ್ದು ಈ ಕೆಲಸದಿಂದ ಬದುಕಬಹುದೇ?
– ಓದುಗಿ, ಮುಳ್ಳೇರಿಯ, ಕಾಸರಗೋಡು ಜಿಲ್ಲೆ

ಉತ್ತರ: ನನ್ನ ಶಿಷ್ಯೆಯರ ಪ್ರಾಯ ನಿನ್ನದು. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ ಮಗಳೇ.

ನಾನು ಅಮ್ಮನ ಪರ. ಶಾಲೆಗಳಲ್ಲಿ ಪರಿಸರ ಪಾಠ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಆದರೆ ಅದಕ್ಕೆಂದೇ ಬೇರೆ ಹುದ್ದೆ ಹುಟ್ಟಲಿಲ್ಲ, ಇದ್ದ ಟೀಚರ್ ತಲೆಗೇ ಅದೂ ಬಂತು. ಬಿ.ಎಡ್, ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡೂ ಇದ್ದರೆ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಜೀವಶಾಸ್ತ್ರದ ಟೀಚರ್ ಆಗಲು ದಾರಿ ಇದೆ. ಸಂಬಳವೂ ಸಿಕ್ಕಿತು, ಶಾಲೆಯ ಹಿತ್ತಿಲೂ ಸಿಕ್ಕಿತು. ಇನ್ನೂ ಓದುವ ಮನಸ್ಸಿದ್ದರೆ ಪೆರಿಯದ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ವಿಭಾಗವಿದೆ. ಅಹಮದಾಬಾದಿನ ಸೆಂಟರ್ ಫಾರ್ ಎನ್ವಿರಾನ್ಮೆಂಟ್ ಎಜುಕೇಶನ್ 1984ರಿಂದ ಇದೇ ಕೆಲಸದಲ್ಲಿದೆ. ಆದರೆ ಅಂಥ ಕಡೆ ಸೇರಬೇಕಾದರೆ ಊರು ಬಿಡಬೇಕಾದೀತು.

ಇನ್ನು ತೋಟದ ವಿಷಯ. ಇಲ್ಲೇ ಹೆಚ್ಚಿನವರು ಎಡವುವುದು. ನಮ್ಮಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುತ್ತವೆ. ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಟ್ಟು ಫೋಟೋ ತೆಗೆದರೆ ಮುಗೀತು ಅನ್ನುವವರೇ ಜಾಸ್ತಿ. ಮುರಕಲ್ಲಿನ ಪದವಿನಲ್ಲಿ, ಅಂದರೆ ಎತ್ತರದ ಕಲ್ಲುಬಯಲಿನಲ್ಲಿ, ಇರುವ ಶಾಲೆಗಳಲ್ಲಿ ಎಷ್ಟೋ ಕಡೆ ಒಂದು ಗೇಣು ಮಣ್ಣೂ ಇರುವುದಿಲ್ಲ. ಆಗ ಬಿತ್ತಿದ ಹರಿವೆ ಬೀಜ ನೀರಿನ ಜೊತೆ ಗೇಟಿನವರೆಗೆ ಹೋಗಿರುತ್ತದೆ! ಮಳೆಗಾಲಕ್ಕೆ ಮಣ್ಣು ಎತ್ತರಿಸಿ ಬೆಂಡೆ, ಕೆಸು, ಬಸಳೆ ಹಾಕು, ಸಾಕು. ಅಲಸಂಡೆ, ಹರಿವೆ, ಮುಳ್ಳುಸೌತೆ ಎಲ್ಲ ಓಣಂ ರಜೆ ಕಳೆದ ಮೇಲೆ. ಮಾರ್ಚಿನ ಪರೀಕ್ಷೆಗೆ ಮುಂಚೆ ಕೊಯ್ದು ಮುಗಿಯಬೇಕು. ಕೊಯ್ದದ್ದು ಮಧ್ಯಾಹ್ನದ ಊಟದ ಸಾಂಬಾರಿಗೇ ಬೀಳಲಿ. ತಾವು ಬೆಳೆದ ಬೆಂಡೆಯನ್ನು ಯಾವ ಮಗುವೂ ತಟ್ಟೆಯ ಬದಿಗೆ ಸರಿಸಿದ್ದನ್ನು ನಾನು ನೋಡಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಬಸಳೆಗೆ ನೀರು ಹೊಯ್ಯುವುದು ಯಾರು? ಇದನ್ನು ಮೊದಲೇ ಮಾತಾಡಿಟ್ಟುಕೊ. ಪಕ್ಕದ ಮನೆಗಳ ಕುಟುಂಬಶ್ರೀ (ಸ್ವಸಹಾಯ ಸಂಘ) ಹೆಂಗಸರನ್ನು ಸೇರಿಸಿಕೊಂಡು ಬೆಳೆಯಲ್ಲಿ ಪಾಲು ಕೊಟ್ಟರೆ ತೋಟ ಉಳಿಯುತ್ತದೆ.

ಪಾಠ ತಾನಾಗಿ ಬರುತ್ತದೆ, ನೀನು ಅವಸರ ಮಾಡದಿದ್ದರೆ. ನಮ್ಮ ಅಲಸಂಡೆ ಬಳ್ಳಿಯ ಕುಡಿಗೆ ಒಮ್ಮೆ ಕಪ್ಪು ಹೇನು ಮುತ್ತಿತ್ತು. "ಟೀಚರ್, ಮದ್ದು ಬಿಡುವಾ" ಅಂದರು ಮಕ್ಕಳು. ಸ್ವಲ್ಪ ದಿನ ನೋಡುವಾ ಅಂದೆ. ಇರುವೆಗಳು ಹೇನನ್ನು ತಿನ್ನದೆ ಅದರ ಹಿಂಬದಿಯಿಂದ ಬರುವ ಸಿಹಿನೀರು ನೆಕ್ಕುವುದನ್ನು ಮೊದಲು ಕಂಡವನು ಲೆಕ್ಕದಲ್ಲಿ ಸದಾ ಹಿಂದೆ ಬೀಳುತ್ತಿದ್ದ ಹುಡುಗ. ಆಮೇಲೆ ಗುಲಗಂಜಿ ಹುಳ ಬಂತು, ಅದರ ಮರಿಗಳು ಹೇನನ್ನು ಒಂದೊಂದಾಗಿ ಮುಗಿಸಿದವು. ಆ ವಾರ ಊಟದ ಗಂಟೆ ಹೊಡೆದರೂ ಯಾರೂ ಚಪ್ಪರದ ಬುಡ ಬಿಡಲಿಲ್ಲ.

ಮದ್ದಿನ ಮಾತು ಬಂತಲ್ವಾ, ಒಂದು ಎಚ್ಚರಿಕೆ. ನಮ್ಮ ಜಿಲ್ಲೆಯ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮಕ್ಕಳಿಗೆ ಇದು ಗೊತ್ತಾಗಲೇಬೇಕು. ಗಾಳಿಯಲ್ಲಿ ಬಿಟ್ಟದ್ದು ಬಾವಿಗೆ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರಿಗೆ ಹೇಗೆ ಇಳಿಯಬಹುದು ಅಂತ ವಿವರಿಸು. ಆದರೆ ಕಾಯಿಲೆ ಬಿದ್ದವರ ಮನೆಗೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಬೇಡ. ನೋಡಲು ಬರುವವರನ್ನು ನೋಡಿ ನೋಡಿ ಆ ಮನೆಗಳಿಗೆ ಸಾಕಾಗಿದೆ. ಅದೇ ಮನೆಯ ಮಗು ನಿನ್ನ ಕ್ಲಾಸಿನಲ್ಲೇ ಕೂತಿರಬಹುದು.

ಬಿ.ಎಡ್ ಮಾಡುತ್ತಲೇ ಮನೆ ಹತ್ತಿರದ ಒಂದು ಅಂಗನವಾಡಿಯನ್ನೋ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯನ್ನೋ ಹಿಡಿದುಕೊ. ಒಂದು ವರ್ಷ ಪೂರ್ತಿ ಅಲ್ಲೇ ಮಾಡು. ಕೃಷಿ ಭವನದಲ್ಲಿ, ಅಂದರೆ ಊರಿನ ಕೃಷಿ ಇಲಾಖೆ ಕಚೇರಿಯಲ್ಲಿ, ಓಣಂ ತರಕಾರಿಗೆಂದು ಬೀಜದ ಪೊಟ್ಟಣ ಹಂಚುತ್ತಾರೆ, ಕೃಷಿ ಅಧಿಕಾರಿಯ ಪರಿಚಯ ಮಾಡಿಕೊ. ಬರೀ ಬೇಸಗೆ ಶಿಬಿರಗಳನ್ನು ನಂಬಿ ಮನೆ ನಡೆಯುವುದಿಲ್ಲ, ಅದು ಕೈಖರ್ಚಿಗೆ. ಕರೆದವರ ಹತ್ತಿರ ದುಡ್ಡಿನ ಮಾತನ್ನು ಫೋನಿನಲ್ಲೇ ಆಡಿಬಿಡು. ಪರಿಸರ ಅಂದ ಕೂಡಲೇ ಸೇವೆ ಅಂತ ಹೇಳಿ ಬಸ್ ಚಾರ್ಜನ್ನೂ ಕೊಡದೆ ಕಳಿಸುವವರಿದ್ದಾರೆ.