ಓದುಗರ ಪ್ರಶ್ನೆ: ನಕ್ಷೆಯಲ್ಲಿ ನಮ್ಮೂರಿನ ತೋಡು ಎಲ್ಲಿ?

ಪ್ರಶ್ನೆ: ನಮ್ಮ ಗ್ರಾಮವನ್ನು ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿಸಿ, ತಾತ್ಕಾಲಿಕ ಒಪ್ಪಿಗೆ ಪಡೆದ ಮಾಸ್ಟರ್ ಪ್ಲಾನ್ (ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಯೋಜನೆ) ಪ್ರಕಟಿಸಿದ್ದಾರೆ. 2018ರ ಮಳೆಯಲ್ಲಿ ಬಿರುಕು ಬಿಟ್ಟ ಬೆಟ್ಟದ ಬದಿಗೆ ವಸತಿಯ ಹಳದಿ ಬಣ್ಣ ಬಿದ್ದಿದೆ. ಸಭೆಯಲ್ಲಿ ಹಲವರು ಎದ್ದು ಮಾತಾಡಿದರು. ಇನ್ನೇನು ಮಾಡಬೇಕು?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಯೋಜನಾ ಪ್ರಾಧಿಕಾರಕ್ಕೆ ಬರೆದು ಕೊಡಬೇಕು, ಅದೂ ಅವಧಿಯೊಳಗೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಕಲಮಿನಂತೆ ಪ್ರಕಟಣೆಯಾದ ದಿನದಿಂದ 60 ದಿನ ಸಾರ್ವಜನಿಕರು ಸಲಹೆ, ಆಕ್ಷೇಪಣೆ ಸಲ್ಲಿಸಬಹುದು. ಸಭೆಯಲ್ಲಿ ಆಡಿದ ಮಾತು ನಡಾವಳಿಗೆ ಏರದಿದ್ದರೆ ಕಡತದಲ್ಲಿ ಉಳಿಯುವುದಿಲ್ಲ.

ಮೊದಲ ವಾರದಲ್ಲೇ ಭೂಬಳಕೆ ನಕ್ಷೆ, ವಲಯ ನಿಯಮಾವಳಿ, ಸರ್ವೆ ನಂಬರ್ ಇರುವ ಗ್ರಾಮನಕ್ಷೆ, ಈ ಮೂರನ್ನೂ ಕೇಳಿ ಪಡೆಯಿರಿ. ಹಲವರು ನಕ್ಷೆ ಮಾತ್ರ ನೋಡುತ್ತಾರೆ. ಆದರೆ ಹಸಿರು ಬಣ್ಣದ ಕೃಷಿ ವಲಯದಲ್ಲೂ ಏನೇನು ಕಟ್ಟಲು ಬಿಡುತ್ತಾರೆ ಎಂಬುದು ನಿಯಮಾವಳಿಯಲ್ಲಿರುತ್ತದೆ. ಕೊಡಲು ತಡಮಾಡಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಅದಕ್ಕೆ 30 ದಿನ ಹಿಡಿಯಬಹುದು, ಅಂದರೆ ನಿಮ್ಮ ಅವಧಿಯ ಅರ್ಧ. ಆದ್ದರಿಂದ ಕಾಯದೆ ಅರ್ಜಿ ಹಾಕಿಬಿಡಿ.

ಇನ್ನು ಮುಖ್ಯ ಕೆಲಸ, ಊರು ನಡೆಯುವುದು. ಉಪಗ್ರಹ ಚಿತ್ರಕ್ಕೆ ನಮ್ಮ ಕಾಫಿ ತೋಟ ಕಾಣುವುದು ನೆರಳು ಮರಗಳ ತಲೆಯಾಗಿ ಮಾತ್ರ. ಅವುಗಳ ಕೆಳಗಿನ ತೋಡು (ಸಣ್ಣ ಹಳ್ಳ), ಮಳೆಗಾಲದ ಒರತೆ, ನೆಲದ ಬಿರುಕು ಅದರಲ್ಲಿ ಕಾಣುವುದಿಲ್ಲ. ಅವು ಗೊತ್ತಿರುವುದು ಊರಿನವರಿಗೆ. ಗ್ರಾಮನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಂಡು ಎಂಟು ಹತ್ತು ಜನ ಹೊರಡಿ. ಹಿರಿಯರ ಜೊತೆ ನೀರು ತರುವ ಹೆಂಗಸರು, ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು, ಹಾಡಿಯ (ಬುಡಕಟ್ಟು ಜನರ ಕೇರಿಯ) ಯರವರು, ಕುರುಬರು ಇರಲೇಬೇಕು. ಯಾವ ದರೆ ಪ್ರತಿವರ್ಷ ಜರಿಯುತ್ತದೆ, ಆನೆ ಎಲ್ಲಿ ದಾಟುತ್ತದೆ ಎಂದು ಪಹಣಿ ಇದ್ದವರಿಗಿಂತ ಅವರು ಚೆನ್ನಾಗಿ ಬಲ್ಲರು. ಪಹಣಿ ಇಲ್ಲವೆಂದು ಅವರನ್ನು ಹೊರಗಿಡುವುದು ದೊಡ್ಡ ತಪ್ಪು. ಕಾಫಿ ಕೊಯ್ಲಿನಲ್ಲೋ ನಾಟಿಯಲ್ಲೋ ಹಗಲು ಸಭೆ ಕರೆದರೆ ಅವರು ಬರಲಾಗದು. ಕೆಲಸ ಮುಗಿದ ಮೇಲೆ ಕರೆಯಿರಿ.

ತೋಡು, ಗದ್ದೆ, ದೇವರಕಾಡು, ಸ್ಮಶಾನ, ಕಾಲುದಾರಿ, ಕುಸಿದ ಜಾಗಗಳಿಗೆ ಒಂದೊಂದು ಬಣ್ಣ ಕೊಡಿ. ದಟ್ಟ ಮರದಡಿ ಮೊಬೈಲಿನ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು. ಹಾಗಾಗಿ ಪಕ್ಕದ ಮೋರಿ, ಗಡಿಕಲ್ಲಿನ ಗುರುತನ್ನೂ ಬರೆದುಕೊಳ್ಳಿ. ಜಮ್ಮಾ ಬಾಣೆಯಲ್ಲಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಭೂಮಿಯಲ್ಲಿ) ಒಂದೇ ಸರ್ವೆ ನಂಬರಿನಲ್ಲಿ ಹಲವು ಕುಟುಂಬಗಳ ಅನುಭೋಗವಿರುತ್ತದೆ. ಅಲ್ಲಿ ಬರೀ ಸರ್ವೆ ನಂಬರ್ ಬರೆದರೆ ಜಾಗ ಯಾವುದೆಂದು ತಿಳಿಯುವುದಿಲ್ಲ. ಹಿಸ್ಸಾ (ಸರ್ವೆ ನಂಬರಿನ ಉಪವಿಭಾಗದ ಸಂಖ್ಯೆ) ಇದ್ದರೆ ಅದನ್ನೂ, ಇಲ್ಲದಿದ್ದರೆ ಕೈನಕ್ಷೆಯನ್ನೂ ಲಗತ್ತಿಸಿ.

ಒಂದು ವಿಷಯಕ್ಕೆ ಒಂದು ಅರ್ಜಿ. ನಕ್ಷೆ ಏನು ತೋರಿಸುತ್ತದೆ, ನೆಲದಲ್ಲಿ ಏನಿದೆ, ಏನು ಬದಲಾಗಬೇಕು, ಇಷ್ಟೇ ಸಾಕು. ನಿಮ್ಮ ಬೆಟ್ಟದ ಬಗ್ಗೆ ಕಾರಣವನ್ನೂ ಸೇರಿಸಿ: ಇಳಿಜಾರನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಬುಡದ ಆಧಾರ ತಪ್ಪುತ್ತದೆ, ತೋಡು ಮುಚ್ಚಿದರೆ ನೀರು ಮಣ್ಣಿನೊಳಗೇ ತುಂಬಿ ಭಾರ ಏರುತ್ತದೆ. ನೂರು ಜನ ಸಹಿ ಹಾಕಿದ "ಯೋಜನೆ ಬೇಡ" ಎಂಬ ಒಂದು ಸಾಲಿಗಿಂತ ಇಂಥ ಹತ್ತು ಅರ್ಜಿಗಳಿಗೆ ತೂಕ ಹೆಚ್ಚು. ಗ್ರಾಮಸಭೆಯಲ್ಲಿ ನಿರ್ಣಯವಾದರೆ ಅದರ ಸಂಖ್ಯೆ, ದಿನಾಂಕ, ಹಾಜರಾತಿ ಸಹಿಗಳ ಪ್ರತಿ ಜೊತೆಗಿರಲಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇತ್ತೆಂದು ನಡಾವಳಿಯಲ್ಲಿ ಬರೆಸಿ. ನಿರ್ಣಯ ಬಿದ್ದುಹೋಗುವುದು ಹೆಚ್ಚಾಗಿ ಅಲ್ಲಿಯೇ. ಎರಡು ಪ್ರತಿ ಒಯ್ದು ಒಂದಕ್ಕೆ ದಿನಾಂಕದ ಮೊಹರು ಹಾಕಿಸಿಕೊಂಡೇ ಬನ್ನಿ.

ಪ್ರಶ್ನೆ: ಪ್ಲಾನ್ ಅಂತಿಮವಾಗಿದೆ. ಕೃಷಿ ವಲಯದ ಗದ್ದೆಯೊಂದನ್ನು ಈಗ ವಾಣಿಜ್ಯಕ್ಕೆ ಬದಲಿಸಲು ಹೊರಟಿದ್ದಾರೆ. ತಡವಾಯಿತೇ?
– ಓದುಗರು, ಕುಶಾಲನಗರ

ಉತ್ತರ: ಇಲ್ಲ. ಅದೇ ಕಾಯ್ದೆಯ 14ಎ ಕಲಮಿನಡಿ ಇಂಥ ಬದಲಾವಣೆಗೆ ಮುನ್ನ ಆ ಭಾಗದ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಪ್ರಕಟಣೆ ಸಣ್ಣ ಅಕ್ಷರದಲ್ಲಿ ಒಳಪುಟದಲ್ಲಿರುತ್ತದೆ. ದಿನವೂ ನೋಡುವ ಕೆಲಸವನ್ನು ಊರಿನಲ್ಲಿ ಒಬ್ಬರಿಗೆ ಒಪ್ಪಿಸಿ. ಗದ್ದೆಗೆ ಮಣ್ಣು ತುಂಬಿದರೆ ಮೇಲಿನ ತೋಡಿನ ನೀರು ಯಾರ ಅಂಗಳಕ್ಕೆ ತಿರುಗುತ್ತದೆ ಎಂಬುದನ್ನು ಫೋಟೋ ಸಮೇತ ಬರೆಯಿರಿ. ಭೂ ಪರಿವರ್ತನೆ, ಅಂದರೆ ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ತಿರುಗಿಸುವುದು, ಬೇರೆಯೇ ಹಂತ. ಅದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿಗೆ ಸೇರಿದ್ದು. ಅದರ ಅರ್ಜಿ ಜಿಲ್ಲಾಧಿಕಾರಿಗಳ ಮುಂದೆ ಬಂದಿದ್ದರೆ ಅಲ್ಲಿಗೂ ಒಂದು ಪ್ರತಿ ಕೊಡಿ.