ಪಾತ್ರಕ್ಕೆ ಹಣೆಪಟ್ಟಿ ಅಂಟಿಸುವ ಮೊದಲು: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಚಿತ್ರದುರ್ಗದಿಂದ ನೀವು ಕಳುಹಿಸಿದ ‘ಕನ್ನಡ ಕಾದಂಬರಿಗಳಲ್ಲಿ ಪಾತ್ರ ಮತ್ತು ಆಶಯ’ ಎಂಬ ಲೇಖನವನ್ನು ದಾವಣಗೆರೆಯ ನಮ್ಮ ಕಚೇರಿಯಲ್ಲಿ ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬರೆಯುವ ಶ್ರದ್ಧೆ ನಿಮ್ಮಲ್ಲಿದೆ ಎಂಬುದು ಸ್ಪಷ್ಟವಾಗಿರುವುದರಿಂದ, ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನನ್ನ ಕರ್ತವ್ಯ ಎಂದು ಭಾವಿಸಿದ್ದೇನೆ.

ನೀವು ಐದು ಕಾದಂಬರಿಗಳನ್ನು ಎತ್ತಿಕೊಂಡಿದ್ದೀರಿ. ಪ್ರತಿಯೊಂದಕ್ಕೂ ಮೊದಲು ಕಥಾಸಾರಾಂಶ, ಆಮೇಲೆ ಪಾತ್ರಗಳಿಗೆ ಒಂದೊಂದು ವಿಶೇಷಣ, ಕೊನೆಗೆ ಒಂದು ಸಾಲಿನ ಆಶಯ ಬರುತ್ತದೆ. ‘ಚೋಮನ ದುಡಿ’ಯ ಚೋಮ ಶೋಷಿತ, ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ದ್ವಂದ್ವಕ್ಕೆ ಸಿಲುಕಿದವರು, ‘ದುರ್ಗಾಸ್ತಮಾನ’ದ ಮದಕರಿನಾಯಕ ವೀರ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಕಾದಂಬರಿಯನ್ನು ತೆರೆಯದೆ ಪರೀಕ್ಷೆಯ ಗೈಡ್ ಓದಿದವರೂ ಇಷ್ಟನ್ನು ಬರೆಯಬಲ್ಲರು. ನೀವು ಆಶಯವನ್ನು ಮೊದಲೇ ತೀರ್ಮಾನಿಸಿ, ಪಾತ್ರಗಳನ್ನು ಅದಕ್ಕೆ ಸಾಕ್ಷಿ ಹೇಳಲು ಕರೆತಂದಿದ್ದೀರಿ. ಹಾಗಾಗಿ ನಿಮ್ಮ ತೀರ್ಮಾನಕ್ಕೆ ಒಗ್ಗದ ಸಂಗತಿಗಳೆಲ್ಲ ಬರಹದಿಂದ ಹೊರಗುಳಿದಿವೆ. ನನ್ನ ಮುಖ್ಯ ತಕರಾರು ಇದೇ.

‘ಚೋಮನ ದುಡಿ’ಯನ್ನೇ ನೋಡಿ. ಶಿವರಾಮ ಕಾರಂತರ ಈ ಕಾದಂಬರಿ 1933ರಲ್ಲಿ ಪ್ರಕಟವಾಯಿತು. ನೀವು ಅದರಲ್ಲಿನ ಸಂಕಪ್ಪಯ್ಯನನ್ನು ‘ಕಲ್ಲೆದೆಯ ಧಣಿ’ ಎಂದು ಕರೆದಿದ್ದೀರಿ. ಅಸ್ಪೃಶ್ಯನೆನಿಸಿಕೊಂಡ ಕೂಲಿಯಾಳು ಚೋಮ ಅವನಲ್ಲಿ ಬೇಸಾಯಕ್ಕೆ ಭೂಮಿ ಕೇಳುವ ಪ್ರಸಂಗವನ್ನು ದಯವಿಟ್ಟು ಮತ್ತೊಮ್ಮೆ ಓದಿ. ಧಣಿಯ ಮನಸ್ಸು ಕರಗದೇ ಇಲ್ಲ. ಅಡ್ಡ ನಿಲ್ಲುವುದು ಅವನ ತಾಯಿ, ಅಂಥವರು ಬೇಸಾಯ ಮಾಡಕೂಡದೆಂದು ಅವಳ ಬಾಯಲ್ಲಿ ಮಾತನಾಡುವ ಹಿಂದಿನಿಂದ ಬಂದ ಕಟ್ಟಳೆ. ಧಣಿ ಕಲ್ಲೆದೆಯವನೇ ಆಗಿದ್ದರೆ, ಮುಂದೊಂದು ದಿನ ಒಳ್ಳೆಯ ಧಣಿ ಬಂದು ಚೋಮನ ಆಸೆ ಈಡೇರೀತು ಎಂದು ಓದುಗ ಸಮಾಧಾನ ತಂದುಕೊಳ್ಳಬಹುದಿತ್ತು. ಆ ಸಮಾಧಾನಕ್ಕೆ ಕಾರಂತರು ಎಡೆಗೊಡಲಿಲ್ಲ. ಮನುಷ್ಯ ಸಾಕಷ್ಟು ಒಳ್ಳೆಯವನಾಗಿದ್ದೂ ಅನ್ಯಾಯ ಹಾಗೇ ನಡೆದುಕೊಂಡು ಹೋಗುತ್ತದೆ ಎಂಬ ಭಯಂಕರ ಸತ್ಯ ಹೊರಬೀಳುವುದು ಈ ಪ್ರಸಂಗದಲ್ಲಿ. ನಿಮ್ಮ ಒಂದು ವಿಶೇಷಣ ಅದನ್ನು ಮುಚ್ಚಿಹಾಕಿದೆ.

ಚೋಮನ ವಿಷಯದಲ್ಲಿಯೂ ಇದೇ ಆಗಿದೆ. ಸಾಲ ತೀರಿಸಲು ಮಕ್ಕಳು ತೋಟದ ಕೂಲಿಗೆ ಹೋಗುತ್ತಾರೆ. ಒಬ್ಬ ಮಗ ಜ್ವರದಿಂದ ಸಾಯುತ್ತಾನೆ. ಕೊನೆಗೆ ಮಗಳು ಬೆಳ್ಳಿಯೂ ಅಲ್ಲಿಗೆ ಹೋಗಬೇಕಾಗುತ್ತದೆ. ಇಷ್ಟಾದರೂ ಉಳುವ ಕನಸಿನಿಂದ ಅವನು ಸಾಕಿಕೊಂಡ ಎತ್ತುಗಳು ಅವನ ಬಳಿಯೇ ಉಳಿಯುತ್ತವೆ. ಆ ಕನಸಿನ ಬೆಲೆಯನ್ನು ತೆರುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ನೀವು ಕೇಳಿಯೇ ಇಲ್ಲ. ಕೇಳಿದರೆ ಚೋಮನ ಮೇಲಿನ ಮರುಕ ಕಡಿಮೆಯಾದೀತು ಎಂಬ ಅಳುಕು ನಿಮಗಿರಬಹುದು. ನನ್ನ ಅನುಭವದಲ್ಲಿ ಆಗುವುದು ಇದಕ್ಕೆ ವಿರುದ್ಧ: ಹಟಮಾರಿಯೂ ಹೆಂಡದ ಚಟದವನೂ ಆದ ತಂದೆಯಾಗಿ ಕಂಡಾಗಲೇ ಅವನ ದುಡಿಯ ಸದ್ದು ಎದೆಗೆ ತಾಗುತ್ತದೆ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಬಗ್ಗೆ ಬರೆಯುವಾಗ ಅಗ್ರಹಾರದ ಕಟ್ಟಳೆ ಮುರಿದು ಬದುಕಿದ ನಾರಣಪ್ಪನ ಕುರಿತು ನಮಗೆ ಸಿಗುವ ಮಾಹಿತಿಯೆಲ್ಲ ಅವನನ್ನು ದ್ವೇಷಿಸಿದವರ, ಅವನಿಗೆ ಅಂಜಿದವರ, ಅವನನ್ನು ಪ್ರೀತಿಸಿದವಳ ನೆನಪಿನಿಂದ ಬಂದದ್ದು ಎಂಬುದನ್ನು ಮರೆಯಬೇಡಿ. ಏಕೆಂದರೆ ಕಥೆ ಆರಂಭವಾಗುವ ಹೊತ್ತಿಗೆ ಅವನು ಸತ್ತಾಗಿದೆ. ಇನ್ನು, ಅದೇ ಕಾದಂಬರಿಯ ಪುಟ್ಟ ಎಂಬ ಪಾತ್ರ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅಗ್ರಹಾರದವರ ಸಂದೇಹಗಳಿಗೆಲ್ಲ ಶಾಸ್ತ್ರದಿಂದ ಉತ್ತರ ಹುಡುಕುತ್ತಿದ್ದ ಪ್ರಾಣೇಶಾಚಾರ್ಯರು, ದಾರಿಯಲ್ಲಿ ಜೊತೆಯಾದ ಈ ಮಾತುಗಾರನ ಸಾಧಾರಣ ಪ್ರಶ್ನೆಗಳ ಮುಂದೆ ತಾನು ಯಾರೆಂದು ಹೇಳಲಾರದೆ ಸುಳ್ಳು ಹೇಳುತ್ತಾರೆ. ನೀವು ಒಂದು ಪುಟ ತುಂಬ ವಿವರಿಸಿರುವ ‘ದ್ವಂದ್ವ’ ಅವರಿಬ್ಬರೂ ಹೋಗುವ ಮೇಳಿಗೆಯ ಜಾತ್ರೆಯ ಗದ್ದಲದಲ್ಲಿ ಕಣ್ಣಿಗೆ ಕಾಣುವಂತಿದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕುರಿತ ಭಾಗದಲ್ಲಿರುವುದು ಬೇರೆಯೇ ತರಹದ ದೋಷ. ‘ಒಗ್ಗಟ್ಟಿನ ಕುಟುಂಬದ ಚಿತ್ರಣ’ ಎಂದು ಬರೆದಿದ್ದೀರಿ. ಹಾಗೆಂದು ನಮಗೆ ಹೇಳುವವನು ಕಥೆಯ ನಿರೂಪಕನಾದ ಆ ಮನೆಯ ಮಗನೇ. ಚಿಕ್ಕಪ್ಪನ ದುಡಿಮೆಯಲ್ಲಿ ಬದುಕುತ್ತ ಕಾಫಿ ಹೌಸಿನಲ್ಲಿ ಹೊತ್ತು ಕಳೆಯುವವನು. ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗಾಗಿ ಅಡುಗೆ ಮಾಡಿಕೊಂಡು ಬಂದ ಹೆಂಗಸೊಬ್ಬಳನ್ನು ತಾಯಿ ಮತ್ತು ಅಕ್ಕ ಬಾಗಿಲಲ್ಲೇ ಬೈದು ಅಟ್ಟುವ ದೃಶ್ಯದಲ್ಲಿ ಅವನು ಏನು ಮಾಡುತ್ತಾನೆ? ಸುಮ್ಮನೆ ನಿಂತಿರುತ್ತಾನೆ. ಒಗ್ಗಟ್ಟು ಎಂದು ಅವನು ಕರೆಯುವುದು ಎಂಥದ್ದು, ಅದರೊಳಗೆ ಹೆಂಡತಿ ಅನಿತಾಳಿಗೆ ಜಾಗ ಎಷ್ಟಿದೆ ಎಂಬುದು ಆ ಮೌನದಿಂದ ತಿಳಿಯುತ್ತದೆ. ನಿರೂಪಕನ ಮಾತನ್ನು ಲೇಖಕರ ಮಾತೆಂದೇ ತೆಗೆದುಕೊಳ್ಳುವ ಅಭ್ಯಾಸದಿಂದ ಆಧುನಿಕ ಕಥನದ ಓದು ಬಹಳ ಕೆಡುತ್ತದೆ. ನಿರೂಪಕ ಏನನ್ನು ಹೇಳದೆ ಬಿಡುತ್ತಿದ್ದಾನೆ, ಯಾರ ಮುಂದೆ ಬಾಯಿ ಮುಚ್ಚುತ್ತಾನೆ ಎಂದು ಗುರುತು ಹಾಕಿಕೊಳ್ಳುತ್ತ ಓದಿ.

‘ನಾಗರಹಾವು’ ಕುರಿತ ಭಾಗವನ್ನು ಪೂರ್ತಿ ಕೈಬಿಡಿ. ಅದನ್ನು ನೀವು ಸಿನಿಮಾದ ನೆನಪಿನಿಂದ ಬರೆದಿದ್ದೀರಿ. ಪುಟ್ಟಣ್ಣ ಕಣಗಾಲರ 1972ರ ಆ ಚಿತ್ರ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಚಿತ್ರದುರ್ಗದ ಬಂಡೆಗಳ ನಡುವೆ ಕಂಡ ಚಿತ್ರದ ನಾಯಕ ರಾಮಾಚಾರಿ ಎಷ್ಟೇ ಪ್ರಿಯನಾಗಿದ್ದರೂ, ಕಾದಂಬರಿಯ ವಿಮರ್ಶೆಗೆ ಪುಸ್ತಕವೇ ಆಧಾರವಾಗಬೇಕು.

ಇಷ್ಟೆಲ್ಲ ಆಕ್ಷೇಪಗಳ ನಡುವೆ ತ.ರಾ.ಸು. ಅವರದೇ ‘ದುರ್ಗಾಸ್ತಮಾನ’ದ ಬಗ್ಗೆ ನೀವು ಬರೆದ ಒಂದು ಪ್ಯಾರಾ ನನ್ನನ್ನು ಹಿಡಿದು ನಿಲ್ಲಿಸಿತು. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾಯಿತೆಂಬುದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಆದರೂ ಓದುತ್ತಿರುವಾಗ ಕೋಟೆ ಉಳಿದೀತು ಎಂಬ ಆಸೆ ಏಕೆ ಹುಟ್ಟುತ್ತದೆ ಎಂದು ನೀವು ಅಲ್ಲಿ ಕೇಳಿದ್ದೀರಿ. ಅದು ನಿಜವಾದ ಪ್ರಶ್ನೆ. ದುರದೃಷ್ಟಕ್ಕೆ ಮುಂದಿನ ಸಾಲಿನಲ್ಲೇ ‘ಗಂಡುಮೆಟ್ಟಿದ ನಾಡಿನ ವೀರ’ ಎಂಬ ಹೊಗಳಿಕೆಗೆ ಜಾರಿದ್ದೀರಿ. ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ಈ ಅಭಿಮಾನ ಸಹಜ, ನನಗೂ ಅದು ಇದೆ. ಆದರೆ ಚರಿತ್ರೆಯ ಮದಕರಿ, ಜನಪದರ ಮದಕರಿ, ತ.ರಾ.ಸು. ಕಟ್ಟಿದ ಮದಕರಿ ಬೇರೆ ಬೇರೆ. ನೀವು ವಿಶ್ಲೇಷಿಸಬೇಕಾದವನು ಮೂರನೆಯವನು. ಅವನು ಯಾರನ್ನು ನಂಬುತ್ತಾನೆ, ಯಾರ ಮಾತನ್ನು ತಳ್ಳಿಹಾಕುತ್ತಾನೆ, ಎಲ್ಲಿ ಹಿಂಜರಿಯುತ್ತಾನೆ ಎಂಬುದನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಹಿಂಬಾಲಿಸಿ ಬರೆಯಿರಿ. ಸೋಲು ಮೊದಲೇ ತಿಳಿದಿರುವ ಕಥೆಯಲ್ಲಿ ಆಸೆಯನ್ನು ಲೇಖಕರು ಹೇಗೆ ಕಾಪಾಡುತ್ತಾರೆ ಎಂಬುದಕ್ಕೆ ಉತ್ತರ ಅಲ್ಲಿ ಸಿಗಬೇಕು.

ಆದ್ದರಿಂದ ಐದು ಕಾದಂಬರಿಗಳ ಬದಲು ಇದೊಂದನ್ನೇ ಇಟ್ಟುಕೊಂಡು, ಆ ಪ್ರಶ್ನೆಯಿಂದಲೇ ಲೇಖನವನ್ನು ಆರಂಭಿಸಿ. ಸಾರಾಂಶ ನಾಲ್ಕು ಸಾಲು ಮೀರದಿರಲಿ. ಪುಸ್ತಕದಿಂದ ಎತ್ತಿಕೊಂಡ ಪ್ರತಿಯೊಂದು ಮಾತಿಗೂ ನಿಮ್ಮ ಬಳಿಯಿರುವ ಆವೃತ್ತಿಯ ಪುಟಸಂಖ್ಯೆಯನ್ನು ನಮೂದಿಸಿ ಕಳುಹಿಸಿದರೆ, ಅದನ್ನು ಹೊಸ ಬರಹವೆಂದೇ ಪರಿಗಣಿಸಿ ಓದುತ್ತೇನೆ.

ಇಂತಿ,
ಸಂಪಾದಕ